ನಿಮಗಿದು ಗೊತ್ತೇ? ಗುದ್ದಲಿ ಪೂಜೆಗೂ ಮುಂಚೆ

ಸೈಟು 30x40 ಅನ್ನುತ್ತಾರೆ. ನಾಲ್ಕೂ ಮೂಲೆ ಸರಿಯಾಗಿವೆಯೇ ಎಂದು ತಿಳಿಯಲು ಒಂದು ಟೇಪು ಸಾಕು. ಮೂಲೆಯಿಂದ ಎದುರು ಮೂಲೆಗೆ ಅಡ್ಡಲಾಗಿ ಅಳೆದರೆ ಎರಡೂ ಸಲ 50 ಅಡಿ ಬರಬೇಕು. ಒಂದು 49, ಇನ್ನೊಂದು 51 ಬಂದರೆ ಸೈಟು ಸೊಟ್ಟ. ಮೇಸ್ತ್ರಿ ದಾರ ಕಟ್ಟುವಾಗ 3-4-5ರ ಲೆಕ್ಕದಲ್ಲಿ ಮೂಲೆಮಟ್ಟ ಹಿಡಿಯುವುದೂ ಇದೇ ಸೂತ್ರದಿಂದ. ಅಳತೆ ಕೈಯಲ್ಲಿ ಹಿಡಿದು ಕ್ರಯಪತ್ರದ ಚಕ್ಕುಬಂದಿ ಓದಿ. ಪೂರ್ವಕ್ಕೆ ರಸ್ತೆ ಎಂದು ಬರೆದ ಕಡೆ ರಸ್ತೆಯೇ ಇದೆಯೇ? ನಕ್ಷೆ ಬರೆಸುವುದು ಆಮೇಲೆ. ತಳಪಾಯ ಎದ್ದ ಮೇಲೆ ಪಕ್ಕದವರೊಂದಿಗೆ ಒಂದು ಅಡಿಗಾಗಿ ಕೋರ್ಟು ಹತ್ತುವ ಸಂಕಟ ಯಾರಿಗೂ ಬೇಡ.

ಖಾತೆ ನಿಮ್ಮ ಹೆಸರಿಗಿದ್ದರೆ ಜಾಗ ನಿಮ್ಮದಾಯಿತು ಎಂದುಕೊಳ್ಳಬೇಡಿ. ಖಾತೆ ಇರುವುದು ತೆರಿಗೆ ಲೆಕ್ಕಕ್ಕೆ. ಒಡೆತನ ಹೇಳುವುದು ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು. ಋಣಭಾರ ಪತ್ರಕ್ಕೂ (ನಾವೆಲ್ಲ ಇ.ಸಿ. ಅನ್ನುವುದು) ಮಿತಿಯಿದೆ. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ಉಯಿಲನ್ನು ನೋಂದಾಯಿಸಲೇಬೇಕೆಂಬ ಕಡ್ಡಾಯವಿಲ್ಲ, ಹಾಗಾಗಿ ಅಜ್ಜ ಬರೆದಿಟ್ಟ ಉಯಿಲು ಇ.ಸಿ.ಯಲ್ಲಿ ಸಿಗದೇ ಹೋಗಬಹುದು. ವಕೀಲರ ಕೈಗೆ ಕಾಗದ ಕೊಟ್ಟು ಓದಿಸುವ ಖರ್ಚಿನಲ್ಲಿ ಉಳಿತಾಯ ನೋಡಲೇಬಾರದು.

ಹಳ್ಳಿಯ ಕಡೆಯ ಸೈಟಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಕೇಳಿ.

ಹೊಲದಲ್ಲಿ ಮನೆ ಕಟ್ಟಲು ಭೂಪರಿವರ್ತನೆ ಬೇಕು. ಜನರ ಬಾಯಲ್ಲಿ ಇದು ಡಿ.ಸಿ. ಕನ್ವರ್ಷನ್‌. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನು ಇದನ್ನು ಹೇಳುತ್ತದೆ. ರೈತ ತನ್ನದೇ ಹೊಲದಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅದೇ ಸೆಕ್ಷನ್ನು ಅವಕಾಶವನ್ನೂ ಕೊಟ್ಟಿದೆ, ಹಿಡುವಳಿಯ ಶೇ. 10ನ್ನು ಮೀರದಂತೆ.

"ಈಗ ಕಟ್ಟಿ, ಆಮೇಲೆ ಸಕ್ರಮ ಮಾಡಿಸಿಕೊಳ್ಳಿ" ಎಂದು ಹೇಳುವವರಿದ್ದಾರೆ. ಅವರ ಮಾತು ನಂಬಬೇಡಿ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಕೊಟ್ಟಿತು.

ರಾಜಕಾಲುವೆ ಹತ್ತಿರವಿದೆಯೇ? ಬೆಂಗಳೂರಿನ 2015ರ ಮಹಾಯೋಜನೆಯ ಪ್ರಕಾರ ಕೆರೆಯಂಚಿನಿಂದ 30 ಮೀಟರ್‌, ದೊಡ್ಡ ಕಾಲುವೆಯಿಂದ 50, ಮಧ್ಯಮದಿಂದ 25, ಚಿಕ್ಕದರಿಂದ 15 ಮೀಟರ್‌ ಬಿಡಬೇಕು. ಕಾಲುವೆಯ ಅಳತೆ ಅದರ ನಡುಮಧ್ಯದಿಂದ ಶುರು, ದಡದಿಂದಲ್ಲ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಬೇಸಿಗೆಯಲ್ಲಿ ಒಣಗಿ ಬಿದ್ದ ಕಾಲುವೆ ಕಣ್ಣಿಗೇ ಬೀಳದು. ಆದ್ದರಿಂದ ಗ್ರಾಮನಕ್ಷೆ ತೆಗೆಸಿ ನೋಡಲೇಬೇಕು. ಸೈಟು ಮಾರುವವನು ಇದನ್ನು ತಾನಾಗಿ ಹೇಳುವುದು ಅಪರೂಪ.

ಕೋಣೆ 10x10 ಸಾಕು ಅನ್ನುತ್ತೀರಾ? ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯಲ್ಲಿ ಒಂದು ಕೋಣೆಯಾದರೂ 9.5 ಚದರ ಮೀಟರ್‌, ಅಂದರೆ ಸುಮಾರು 102 ಚದರಡಿ ಇರಬೇಕು. ಎರಡೇ ಚದರಡಿ ಕಡಿಮೆ! ಒಳಎತ್ತರ 2.75 ಮೀಟರ್‌, ನಮ್ಮ ಲೆಕ್ಕದಲ್ಲಿ ಒಂಬತ್ತು ಅಡಿ.

ಮನೆ ಮುಂದೆ ಕರೆಂಟ್‌ ತಂತಿ ಹಾದುಹೋಗಿದ್ದರೆ ಬಾಲ್ಕನಿಯನ್ನು ಕಾಗದದ ಮೇಲೆಯೇ ಹಿಂದಕ್ಕೆ ಎಳೆಯಿರಿ. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್‌, ಮೇಲಕ್ಕೆ 3.7 ಮೀಟರ್‌ ಅಂತರ ಬೇಕು. ಬಟ್ಟೆ ಒಣಹಾಕಲು ಕೈ ಚಾಚುವ ಹೆಂಗಸರು, ಗಾಳಿಪಟ ಹಿಡಿದ ಮಕ್ಕಳು ಇರುವುದು ಆ ಬಾಲ್ಕನಿಯಲ್ಲೇ.

ಬೆಂಗಳೂರಿನಲ್ಲಿ 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು 2009ರಿಂದ ಕಡ್ಡಾಯ. ದಂಡಕ್ಕೆ ಹೆದರಿ ಮಾಡುವ ಕೆಲಸವೇ ಅಲ್ಲ ಇದು. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್‌ ಮಳೆ ಬಿದ್ದರೆ ಸುಮಾರು 900 ಲೀಟರ್‌ ನೀರು ಸಿಗುತ್ತದೆ. ಸಂಪಿನ ಜಾಗ, ಪೈಪಿನ ಇಳಿಜಾರು, ಸೋಸುವ ತೊಟ್ಟಿ ಎಲ್ಲವನ್ನೂ ನಕ್ಷೆಯಲ್ಲೇ ಗುರುತು ಹಾಕಿಸಿ. ಮೋಲ್ಡ್‌ ಹಾಕಿದ ಮೇಲೆ ಗೋಡೆ ಕೊರೆಯುವ ಕಷ್ಟ ತಪ್ಪುತ್ತದೆ.

ನಕ್ಷೆ ಮಂಜೂರಾಗಿ ಮನೆ ಎದ್ದರೆ ಕಥೆ ಮುಗಿಯುವುದಿಲ್ಲ. ನಕ್ಷೆಯಂತೆಯೇ ಕಟ್ಟಿದ್ದೀರಿ ಎನ್ನುವ ವಾಸಯೋಗ್ಯ ಪತ್ರ, ಅಂದರೆ ಓ.ಸಿ., ಇದ್ದರೇ ನೀರು, ವಿದ್ಯುತ್‌ ಸಂಪರ್ಕ ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಕಟ್ಟುನಿಟ್ಟಾಗಿ ಹೇಳಿತು. ಮಂಜೂರಾದ ನಕ್ಷೆಯ ಒಂದು ಪ್ರತಿಯನ್ನು ಕೆಲಸದ ಜಾಗದಲ್ಲೇ ಇಡಿ. ಮೇಸ್ತ್ರಿ ಕೇಳದೆ ಕಿಟಕಿ ಸರಿಸಿದರೂ, ಪಕ್ಕದ ಖಾಲಿ ಜಾಗಕ್ಕೆ ಮೆಟ್ಟಿಲು ಚಾಚಿದರೂ ಅಂದೇ ಗೊತ್ತಾಗಬೇಕು.

ನಕ್ಷೆ ಮಂಜೂರಿಯ ಶುಲ್ಕದ ಚೀಟಿಯಲ್ಲಿ "ಕಾರ್ಮಿಕ ಸೆಸ್‌" ಎಂಬ ಸಾಲು ಕಂಡಿದ್ದೀರಾ? ನಿರ್ಮಾಣ ವೆಚ್ಚದ ಶೇ. 1 ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ. 1996ರ ಕಾಯ್ದೆ ಜಾರಿಯಲ್ಲಿದ್ದ 2025ರ ನವೆಂಬರ್‌ವರೆಗೆ ಸ್ವಂತ ವಾಸಕ್ಕೆ 10 ಲಕ್ಷ ರೂಪಾಯಿಯೊಳಗೆ ಕಟ್ಟಿಕೊಳ್ಳುವವರಿಗೆ ವಿನಾಯಿತಿಯಿತ್ತು. ಕಾರ್ಮಿಕರಿಗೆ ಸೆಸ್‌ ಹಣದ ಸವಲತ್ತು ಸಿಗಬೇಕಾದರೆ ಕಾರ್ಮಿಕ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ನಿಮ್ಮ ಗಾರೆಯವರು, ಕಂಬಿ ಕಟ್ಟುವವರು ಅದಕ್ಕಾಗಿ ಬಂದು ಕೇಳಿದರೆ ಅಲೆದಾಡಿಸದೆ ಅಂದೇ ಸಹಿ ಮಾಡಿಕೊಡಿ.