ಜೂನ್ ಬಂದರೆ ಗೆಳತಿ ಬೇರೆ ಸೆಕ್ಷನ್ನು

ಪ್ರಶ್ನೆ: ಯಸಳೂರಿನಿಂದ ಸಕಲೇಶಪುರದ ಶಾಲೆಗೆ ಹೋಗುವ ಮಗಳು ಎರಡನೇ ಕ್ಲಾಸು. ಪ್ರತಿ ವರ್ಷ ಸೆಕ್ಷನ್ ಕಲಸಿಬಿಡುತ್ತಾರೆ. ಗೆಳೆತನ ಉಳಿಯುತ್ತದೆಯೇ?

ಉತ್ತರ: ಎಲ್ಲವೂ ಉಳಿಯುವುದಿಲ್ಲ. ಆ ವಯಸ್ಸಿನ ಸ್ನೇಹ ಬಹುಪಾಲು ಪಕ್ಕದಲ್ಲಿ ಕೂರುವುದರಿಂದಲೇ ಹುಟ್ಟುವುದು. ಒಂದೇ ಬೆಂಚು, ಹಂಚಿಕೊಂಡ ರಬ್ಬರು, ಡಬ್ಬಿಯ ಕಡುಬು. ಬೆಂಚು ಬದಲಾದರೆ ಅರ್ಧ ಸ್ನೇಹ ಸವೆಯುತ್ತದೆ. ಆದರೆ ಬಸ್ಸಿನ ಸ್ನೇಹ ಗಟ್ಟಿ. ಮಳೆಯಲ್ಲಿ ಒಂದೇ ಕೊಡೆಯಡಿ ಕಾದು ನಿಂತವರನ್ನು ಹಾಜರಿ ಪುಸ್ತಕ ಬೇರೆ ಮಾಡಲಾರದು.

ನಮ್ಮ ಮಲೆನಾಡಿನ ಸಣ್ಣ ಸರ್ಕಾರಿ ಶಾಲೆಗಳಲ್ಲಿ ಕಲಸಲು ಮಕ್ಕಳೇ ಇರುವುದಿಲ್ಲ ಬಿಡಿ! ಅಲ್ಲಿರುವ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ. ಮಗುವಿನ ಕಲಿಕೆ ಮುಂದೆ ಹೋದಂತೆ ಕೂರುವ ಗುಂಪು, ಅಂದರೆ ‘ತಟ್ಟೆ’, ಬದಲಾಗುತ್ತದೆ, ಒಂದು ತಟ್ಟೆಯಲ್ಲಂತೂ ಗೆಳೆಯರೇ ಗೆಳೆಯರಿಗೆ ಹೇಳಿಕೊಡಬೇಕು. ಅಲ್ಲಿ ಜಾಗ ಬದಲಾವಣೆ ದಿನದ ಮಾತು, ಯಾರೂ ಅಳುವುದಿಲ್ಲ. ವರ್ಷಕ್ಕೊಮ್ಮೆ ದಿಢೀರನೆ ಆಗುವ ಬದಲಾವಣೆಯೇ ನೋಯಿಸುವುದು.

ಕಲಸುವುದರಿಂದ ಲಾಭವೂ ಉಂಟು. ಇಬ್ಬರೇ ಅಂಟಿಕೊಂಡವರು ಬೇರೆಯವರ ಹೆಸರು ಕಲಿಯುತ್ತಾರೆ, ಕಾಡುವವರ ಕೈಯಿಂದ ಕೆಲವರು ಪಾರಾಗುತ್ತಾರೆ. ನಾಚಿಕೆಯ ಮಗುವಿಗೆ ಮಾತ್ರ ಹೊಸ ಕೋಣೆಯಲ್ಲಿ ಒಂದಾದರೂ ಹಳೆಯ ಮುಖ ಬೇಕು. ಅದನ್ನು ಏಪ್ರಿಲ್‌ನಲ್ಲೇ ಟೀಚರಿಗೆ ಹೇಳಿ. ಪಟ್ಟಿ ಅಂಟಿಸಿದ ಮೇಲೆ ಯಾರೂ ಕೇಳುವುದಿಲ್ಲ.