ವಕೀಲರು ನಡುವೆಯೇ ವಕಾಲತ್ತು ಬಿಟ್ಟರೆ?

2021ರ ಜನವರಿ ಕೊನೆಯ ವಾರ. ಡೊನಾಲ್ಡ್ ಟ್ರಂಪ್ ವಿರುದ್ಧ ಅಮೆರಿಕದ ಸೆನೆಟ್‌ನಲ್ಲಿ ವಾಗ್ದಂಡನೆಯ ವಿಚಾರಣೆ ಆರಂಭವಾಗಲು ಸುಮಾರು ಹತ್ತು ದಿನವಷ್ಟೇ ಉಳಿದಿತ್ತು. ಅವರ ಪರ ವಾದಿಸಬೇಕಿದ್ದ ಬುಚ್ ಬೋವರ್ಸ್, ಡೆಬೊರಾ ಬಾರ್ಬಿಯರ್ ಮತ್ತಿತರ ವಕೀಲರು ಒಮ್ಮೆಲೇ ಹೊರನಡೆದರು. ಚುನಾವಣೆಯಲ್ಲಿ ಮೋಸವಾಯಿತೆಂದೇ ವಾದಿಸಬೇಕೆಂದು ಟ್ರಂಪ್ ಪಟ್ಟು ಹಿಡಿದದ್ದು ಕಾರಣವೆಂದು ಪತ್ರಿಕೆಗಳು ಬರೆದವು. ಮರುದಿನವೇ ಹೊಸ ವಕೀಲರ ಹೆಸರು ಪ್ರಕಟವಾಯಿತು. ಶಿಕ್ಷೆಗೆ ಬೇಕಿದ್ದ 67 ಮತಗಳ ಬದಲು 57 ಮಾತ್ರ ಬಿದ್ದು ಟ್ರಂಪ್ ಪಾರಾದರು.

ನಮ್ಮ ಸಂವಿಧಾನದ 61ನೇ ವಿಧಿಯೂ ಆರೋಪಕ್ಕೊಳಗಾದ ರಾಷ್ಟ್ರಪತಿಗೆ ವಕೀಲರ ಮೂಲಕ ವಾದಿಸುವ ಹಕ್ಕು ನೀಡಿದೆ. ಆದರೆ ಈವರೆಗೆ ಯಾವ ರಾಷ್ಟ್ರಪತಿಯೂ ಅಂಥ ವಿಚಾರಣೆ ಎದುರಿಸಿಲ್ಲ. ಹಾಗಿದ್ದರೂ ರಾಜಕಾರಣಿಯ ಮೊಕದ್ದಮೆಯನ್ನು ವಕೀಲರು ನಡುವೆಯೇ ಬಿಟ್ಟ ಪ್ರಸಂಗವನ್ನು ಬೆಂಗಳೂರು ಕಂಡಿದೆ. ಇಲ್ಲಿ ಬಿಟ್ಟವರು ಆರೋಪಿಯ ವಕೀಲರಲ್ಲ, ಸರ್ಕಾರದ ವಕೀಲರು.

ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಬೆಂಗಳೂರಿಗೆ ವರ್ಗಾಯಿಸಿತು. ಹಿರಿಯ ವಕೀಲ ಬಿ.ವಿ. ಆಚಾರ್ಯ ವಿಶೇಷ ಸರ್ಕಾರಿ ಅಭಿಯೋಜಕರಾದರು. 2012ರ ಆರಂಭದಲ್ಲಿ ಅವರು ರಾಜ್ಯದ ಅಡ್ವೊಕೇಟ್ ಜನರಲ್ ಹುದ್ದೆ ಬಿಟ್ಟು ಈ ಮೊಕದ್ದಮೆಯನ್ನೇ ಉಳಿಸಿಕೊಂಡರು. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಇದಕ್ಕೂ ರಾಜೀನಾಮೆ ಕೊಟ್ಟರು. ತಮ್ಮ ಮೇಲೆ ಒತ್ತಡವಿತ್ತೆಂದು ಆಮೇಲೆ ಅವರೇ ಹೇಳಿಕೊಂಡರು. ಅವರ ಜಾಗಕ್ಕೆ ಜಿ. ಭವಾನಿ ಸಿಂಗ್ ಬಂದರು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ಶಿಕ್ಷೆ ಪ್ರಕಟವಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಹೈಕೋರ್ಟಿನ ಮೇಲ್ಮನವಿಯಲ್ಲಿ ಭವಾನಿ ಸಿಂಗ್ ಅವರನ್ನು ನೇಮಿಸುವ ಅಧಿಕಾರ ತಮಿಳುನಾಡಿಗೆ ಇರಲಿಲ್ಲವೆಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದ ಲಿಖಿತ ವಾದಕ್ಕೆ ಉಳಿದದ್ದು ಒಂದೇ ದಿನ. ಅದನ್ನು ಸಲ್ಲಿಸಲು ಮತ್ತೆ ಆಚಾರ್ಯರೇ ಬರಬೇಕಾಯಿತು! ಹೈಕೋರ್ಟ್ ಎಲ್ಲರನ್ನೂ ಬಿಡುಗಡೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು.

ಹಾಗಾದರೆ ಖಾಸಗಿ ಕಕ್ಷಿದಾರನ ವಕೀಲ ಯಾವಾಗ ಬೇಕಾದರೂ ಹೊರಡಬಹುದೇ? ವಕೀಲ ಕಕ್ಷಿದಾರನ ಆಳಲ್ಲ, ನಿಜ. ಆದರೆ ಸಂತೆಯ ವ್ಯಾಪಾರಿಯಂತೆ ಮನಸ್ಸು ಬಂದಾಗ ಗಂಟು ಕಟ್ಟುವಂತೆಯೂ ಇಲ್ಲ. ಒಪ್ಪಿದ ಮೊಕದ್ದಮೆಯನ್ನು ಸಾಕಷ್ಟು ಕಾರಣವಿಲ್ಲದೆ, ಮುಂಚಿತವಾಗಿ ತಿಳಿಸದೆ ಬಿಡಬಾರದು. ಬಿಟ್ಟರೆ ದುಡಿಯದ ಪಾಲಿನ ಶುಲ್ಕ ಹಿಂದಿರುಗಿಸಬೇಕು ಎನ್ನುತ್ತವೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು. ಸಿವಿಲ್ ದಾವೆಯಲ್ಲಿ ನ್ಯಾಯಾಲಯದ ಅನುಮತಿಯೂ ಬೇಕು. ಶುಲ್ಕ ಬಾಕಿಯಿದೆಯೆಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ದೊಡ್ಡವರಿಗೆ ಹೊಸ ವಕೀಲರು ಒಂದೇ ದಿನದಲ್ಲಿ ಸಿಗುತ್ತಾರೆ. ಪದ್ಮನಾಭನಗರದ ನಿವೇಶನಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರ ಪಾಡು ಬೇರೆ. ವಕೀಲರು ಕೈಬಿಟ್ಟದ್ದು ತಿಳಿಯದೇ ಹೋದರೆ ಏಕಪಕ್ಷೀಯ ತೀರ್ಪು ಬಂದು ಮನೆಯೇ ಕೈತಪ್ಪಬಹುದು. ಕಕ್ಷಿದಾರನಿಗೆ ನೋಟಿಸ್ ಕೊಡದೆ ಹೊರಟ ಇಂಥ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದುಂಟು. ಆದರೆ ಅಲ್ಲಿಯವರೆಗೆ ಹೋಗುವ ಶಕ್ತಿ ಎಷ್ಟು ಜನರಿಗಿದೆ? ಆದ್ದರಿಂದ ವಕಾಲತ್ತಿಗೆ ಸಹಿ ಹಾಕಿ ಸುಮ್ಮನೆ ಕೂರದೆ, ಮುಂದಿನ ವಾಯಿದೆ ಯಾವಾಗ ಎಂದು ತಾವೇ ವಿಚಾರಿಸುತ್ತಿರುವುದು ಲೇಸು.