ಜೋಡಿ ನ್ಯೂಟ್ರಾನ್‌ಗಳ ಲೆಕ್ಕ

ಮುಂಬೈಯ ಧಾರಾವಿಯ ತೇರಾ ಕಂಪೌಂಡಿನಲ್ಲಿ ಗುಜರಿ ಮಾಲು ಬಂದರೆ ಕೈಯಲ್ಲಿ ಹಿಡಿದು ನೋಡುತ್ತಾರೆ, ಒಡೆದು ನೋಡುತ್ತಾರೆ, ತಕ್ಕಡಿಗೆ ಹಾಕುತ್ತಾರೆ. ಅಲ್ಲಿಂದ ಪೂರ್ವಕ್ಕೆ ಚೆಂಬೂರು ದಾಟಿದರೆ ಟ್ರಾಂಬೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇರುವ ಆ ಊರಿನ ಮಾಲು ಬೇರೆಯೇ. ಮೊಹರು ಹಾಕಿದ ಡಬ್ಬಿಯನ್ನು ತೆರೆಯುವಂತಿಲ್ಲ, ಒಳಗಿರುವುದನ್ನು ಮುಟ್ಟುವಂತಿಲ್ಲ. ತೂಕ ಸರಿಯಿದ್ದ ಮಾತ್ರಕ್ಕೆ ಒಳಗಿರುವುದು ಪ್ಲುಟೋನಿಯಂ ಎಂದು ನಂಬುವಂತೆಯೂ ಇಲ್ಲ.

ಈ ಎರಡು ಲೋಕಗಳ ನಡುವಿನ ಅಂತರ ಕಡಿಮೆ. 2021ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ಸುಮಾರು 7 ಕಿಲೋ ಯುರೇನಿಯಂ ವಶಪಡಿಸಿಕೊಂಡು ಇಬ್ಬರನ್ನು ಬಂಧಿಸಿತು. ಅವರಲ್ಲೊಬ್ಬ ಟ್ರಾಂಬೆಯ ಪಕ್ಕದ ಮಾನ್‌ಖುರ್ದಿನವನು. ಅದು ನೈಸರ್ಗಿಕ ಯುರೇನಿಯಂ ಎಂದು ಟ್ರಾಂಬೆಯ ಕೇಂದ್ರವೇ ಪರೀಕ್ಷಿಸಿ ಹೇಳಿತು. ಅದರಲ್ಲಿ ಯುರೇನಿಯಂ-235ರ ಪಾಲು ಶೇ 0.7 ಮಾತ್ರ, ನೇರವಾಗಿ ಬಾಂಬಿಗೆ ಬರುವಂಥದ್ದಲ್ಲ.

ಅಷ್ಟು ಯುರೇನಿಯಂ ತನ್ನಷ್ಟಕ್ಕೆ ಒಡೆದು ಹೊರಬಿಡುವ ನ್ಯೂಟ್ರಾನ್ ಸೆಕೆಂಡಿಗೆ ನೂರರಷ್ಟು. ಆಕಾಶದಿಂದ ಬೀಳುವ ಕಿರಣಗಳ ಗದ್ದಲದಲ್ಲೇ ಅದು ಮುಳುಗಿಹೋಗುತ್ತದೆ. ಪ್ಲುಟೋನಿಯಂನ ಕತೆ ಹಾಗಲ್ಲ. ಪ್ಲುಟೋನಿಯಂ-240ರ ಒಂದೇ ಒಂದು ಗ್ರಾಂ ಸೆಕೆಂಡಿಗೆ ಸುಮಾರು ಸಾವಿರ ನ್ಯೂಟ್ರಾನ್ ಚೆಲ್ಲುತ್ತದೆ. ಸೀಸದ ಗೋಡೆ ಗಾಮಾ ಕಿರಣವನ್ನು ತಡೆದೀತು, ನ್ಯೂಟ್ರಾನನ್ನು ಅಷ್ಟು ಸುಲಭವಾಗಿ ತಡೆಯದು. ನ್ಯೂಟ್ರಾನ್ ಎಣಿಸಿ ಪ್ಲುಟೋನಿಯಂ ಅಳೆಯುವ ವಿದ್ಯೆ ಹುಟ್ಟಿದ್ದೇ ಅದರಿಂದ.

ಹಾಗೆ ಎಣಿಸುವ ಯಂತ್ರದ ರಚನೆ ಸರಳ. ದಪ್ಪ ಪಾಲಿಥಿನ್ ಗೋಡೆಯ ನಡುವೆ ಡಬ್ಬಿ ಇಡಲು ಜಾಗ. ಗೋಡೆಯೊಳಗೆ ಹೀಲಿಯಂ-3 ಅನಿಲ ತುಂಬಿದ ಕೊಳವೆಗಳು. ಪಾಲಿಥಿನ್ ನ್ಯೂಟ್ರಾನಿನ ವೇಗ ಇಳಿಸುತ್ತದೆ, ಹೀಲಿಯಂ ಅದನ್ನು ನುಂಗುತ್ತದೆ, ಒಂದು ವಿದ್ಯುತ್ ಮಿಡಿತ ಹೊರಡುತ್ತದೆ. ಆದರೆ ಬರಿದೇ ಎಣಿಸಿದರೆ ಮೋಸ ಹೋಗುತ್ತೇವೆ. ಪ್ಲುಟೋನಿಯಂ ಆಕ್ಸೈಡಿನಲ್ಲಿ ಆಲ್ಫಾ ಕಣಗಳು ಆಮ್ಲಜನಕಕ್ಕೆ ಬಡಿದಾಗಲೂ ನ್ಯೂಟ್ರಾನ್ ಹುಟ್ಟುತ್ತದೆ. ಅದು ಒಂಟಿ. ಪರಮಾಣು ಒಡೆಯುವ ವಿದಳನದಲ್ಲಿ ಹುಟ್ಟುವವು ಹೆಚ್ಚಾಗಿ ಎರಡೋ ಮೂರೋ ಒಟ್ಟಿಗೆ. ಪಾಲಿಥಿನ್ನಿನಲ್ಲಿ ಅಲೆದಾಡಿದರೂ ಹತ್ತಾರು ಮೈಕ್ರೊಸೆಕೆಂಡುಗಳ ಒಳಗೆ ಒಂದರ ಹಿಂದೊಂದು ಸಿಕ್ಕಿಬೀಳುತ್ತವೆ. ಹಾಗಾಗಿ ಒಂದು ಮಿಡಿತ ಬಂದ ಕೂಡಲೇ ಯಂತ್ರ ಪುಟ್ಟ ಕಿಟಕಿ ತೆರೆದು ಒಡಹುಟ್ಟಿದವರನ್ನು ಎಣಿಸುತ್ತದೆ. ಬಹಳ ಹೊತ್ತಾದ ಮೇಲೆ, ಅಂದರೆ ಒಂದೆರಡು ಮಿಲಿಸೆಕೆಂಡು ಕಳೆದು, ಅಷ್ಟೇ ಅಗಲದ ಇನ್ನೊಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಕಾಣುವುದು ಆಕಸ್ಮಿಕ ಜೋಡಿಗಳು ಮಾತ್ರ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ನಿಜವಾದ ಜೋಡಿ. ಈ ಕಳೆಯುವ ಲೆಕ್ಕ ನನಗೆ ಇಡೀ ಅಣುವಿಜ್ಞಾನದಲ್ಲೇ ಅತ್ಯಂತ ಸುಂದರವಾದ ಯುಕ್ತಿಗಳಲ್ಲಿ ಒಂದೆನಿಸುತ್ತದೆ. ಜೋಡಿಗಳ ಎಣಿಕೆಯ ಜೊತೆಗೆ ಗಾಮಾ ಮಾಪನದಿಂದ ಐಸೊಟೋಪುಗಳ ಪ್ರಮಾಣವೂ ತಿಳಿದರೆ ಒಟ್ಟು ಪ್ಲುಟೋನಿಯಂ ಎಷ್ಟೆಂದು ಗೊತ್ತಾಗುತ್ತದೆ.

ಯುರೇನಿಯಂ-235 ಮಾತ್ರ ಮೌನಿ. ಅದನ್ನು ಅಮೆರಿಸಿಯಂ-ಲಿಥಿಯಂ ಆಕರದ ನ್ಯೂಟ್ರಾನ್‌ಗಳಿಂದ ಕೆಣಕಿ ಮಾತಾಡಿಸಬೇಕು.

ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕದಲ್ಲಿ 8 ಕಿಲೋ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಮರುಸಂಸ್ಕರಣ ಘಟಕಗಳಲ್ಲಿ ಕೊಳವೆಗೆ ಅಂಟಿ ಉಳಿದದ್ದು, ಕಸದ ಡ್ರಮ್ಮಿಗೆ ಹೋದದ್ದು ಎಲ್ಲವೂ ಈ ಲೆಕ್ಕಕ್ಕೆ ಬರಬೇಕು. ರಿಯಾಕ್ಟರ್ ಕಟ್ಟಿದವರ ಹೆಸರು ನಮಗೆ ಗೊತ್ತು, ಈ ಲೆಕ್ಕಿಗರ ಹೆಸರು ಗೊತ್ತಿಲ್ಲ. ಇದು ಸರಿಯಲ್ಲ.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ತುಮಕೂರು ಸೀಮೆಯ ಭೌತವಿಜ್ಞಾನಿ ರಾಜಾ ರಾಮಣ್ಣ ಮತ್ತು ಸಂಗಡಿಗರು ವಿದಳನದ ನ್ಯೂಟ್ರಾನ್‌ಗಳ ಅಧ್ಯಯನ ನಡೆಸಿದ್ದೂ ಟ್ರಾಂಬೆಯಲ್ಲೇ. ಒಂದು ವಿದಳನಕ್ಕೆ ಎಷ್ಟು ನ್ಯೂಟ್ರಾನ್ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಜೋಡಿಗಳ ಎಣಿಕೆಗೆ ಅರ್ಥವಿಲ್ಲ.

ಈ ಲೆಕ್ಕವನ್ನು ಹೊರಗಿನವರು ಬಂದು ನೋಡುವುದು ಎಲ್ಲ ಕಡೆಯೂ ಅಲ್ಲ. ಮುಂಬೈಯಿಂದ ಉತ್ತರಕ್ಕೆ ನೂರು ಕಿಲೋಮೀಟರಿನಷ್ಟು ದೂರದ ತಾರಾಪುರದ ಮೊದಲ ಎರಡು ರಿಯಾಕ್ಟರುಗಳು 1969ರಲ್ಲಿ ವಿದ್ಯುತ್ ಕೊಡತೊಡಗಿದವು. ಅವು ವಿಯೆನ್ನಾದ ಸಂಸ್ಥೆಯ ತಪಾಸಣೆಗೆ ಒಳಪಟ್ಟವು. 2009ರ ಫೆಬ್ರವರಿ 2ರಂದು ಭಾರತ ಆ ಸಂಸ್ಥೆಯೊಂದಿಗೆ ಸಹಿ ಹಾಕಿದ ಒಪ್ಪಂದ ಇನ್ನಷ್ಟು ನಾಗರಿಕ ಘಟಕಗಳನ್ನು ಆ ಪಟ್ಟಿಗೆ ತಂದಿತು. ಟ್ರಾಂಬೆಯ ಕೇಂದ್ರ ಅದರಲ್ಲಿಲ್ಲ. ಅಲ್ಲಿನ ಗ್ರಾಂ ಗ್ರಾಂ ಲೆಕ್ಕವನ್ನು ಇಡುವವರು, ಒಪ್ಪಿಸುವವರು ನಮ್ಮವರೇ.